ಬಂದು ಹೋಗುವ ದೀಪ

ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತಗಳನ್ನು ಬೋಧಿಸಿದ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸದಾಕಾಲ ಗಲಾಟೆ ಮಾಡುವ ಹುಡುಗನಿಂದ ಮೇಷ್ಟರಿಗೆ ಅಂಥ ತೊಂದರೆಯೇನೂ ಇಲ್ಲ. ಅವನನ್ನು ತಂದು ಮುಂದಿನ ಬೆಂಚಿನಲ್ಲಿ ಕೂರಿಸಿದರಾಯಿತು. ನಿಜವಾದ ತೊಂದರೆ ಇರುವುದು ಎಂದೋ ಒಮ್ಮೆ ತಪ್ಪುವ ಹುಡುಗನಿಂದ. ನಾವು ಕಪ್ಪುಹಲಗೆಯಿಂದ ಇತ್ತ ತಿರುಗುವಷ್ಟರಲ್ಲಿ ಅವನು ಸಾಧುವಿನಂತೆ ಪುಸ್ತಕದ ಮೇಲೆ ಕಣ್ಣು ನೆಟ್ಟಿರುತ್ತಾನೆ. ಗದರುವಂತಿಲ್ಲ, ಬಿಡುವಂತಿಲ್ಲ.

೨೦೧೯ರಲ್ಲಿ ನಿವೃತ್ತನಾದ ಮೇಲೆ ಇಂಥವರ ಸಹವಾಸ ಮುಗಿಯಿತೆಂದು ಭಾವಿಸಿದ್ದೆ. ಆದರೆ ೨೦೨೪ರ ಮಳೆಗಾಲದಲ್ಲಿ ನಮ್ಮ ಮನೆಯ ಕಾರಿನೊಳಗೇ ಅಂಥವನೊಬ್ಬ ಬಂದು ಸೇರಿಕೊಂಡ. ಅವನ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಕಾರು ಇಲ್ಲದವರೂ ದಯವಿಟ್ಟು ಓದಿ; ಇದು ಕೇವಲ ಕಾರಿನ ಕಥೆಯಲ್ಲ.

ನಮ್ಮದು ೨೦೧೪ರಲ್ಲಿ ಸಾಲ ಮಾಡಿ ಕೊಂಡ ಸಣ್ಣ ಪೆಟ್ರೋಲ್ ಕಾರು. ಮಗಳ ಮದುವೆಯ ಕರೆಯೋಲೆ ಹಂಚಿದ್ದು ಅದರಲ್ಲಿ. ನನ್ನ ತಾಯಿಯವರನ್ನು ಕೊನೆಯ ಬಾರಿ ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲಿಯೇ. ಹಾಗಾಗಿ ಅದು ನಮಗೆ ಬರಿಯ ವಾಹನವಲ್ಲ, ಮನೆಯ ಒಬ್ಬ ಸದಸ್ಯ. ಹತ್ತು ವರ್ಷದಲ್ಲಿ ಒಮ್ಮೆಯೂ ದಾರಿಯಲ್ಲಿ ಕೈಬಿಟ್ಟದ್ದಿಲ್ಲ.

ಆ ವರ್ಷ ಜುಲೈ ತಿಂಗಳ ಮೊದಲ ವಾರ. ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿದ ದಿನಗಳು. ಉಡುಪಿಯಲ್ಲಿರುವ ಮಗಳ ಮನೆಯಲ್ಲಿ ಎರಡು ದಿನವಿದ್ದು ನಾನೂ ನನ್ನಾಕೆಯೂ ತೀರ್ಥಹಳ್ಳಿಗೆ ಹಿಂದಿರುಗುತ್ತಿದ್ದೆವು. ಐದು ವರ್ಷದ ಮೊಮ್ಮಗಳು ತಾನೂ ಬರುತ್ತೇನೆಂದು ಹಟ ಹಿಡಿದು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕುಳಿತಿದ್ದಳು. ಹೆಬ್ರಿ, ಸೋಮೇಶ್ವರಗಳನ್ನು ದಾಟಿ ಆಗುಂಬೆಯ ಘಾಟಿ ಹತ್ತತೊಡಗಿದೆವು. ಆ ಘಾಟಿಯ ೧೪ ಹೇರ್‌ಪಿನ್ ತಿರುವುಗಳನ್ನು ಮಳೆಗಾಲದಲ್ಲಿ ಹತ್ತಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕಡೆ ನೀರು ಸುರಿಯುವ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಪ್ರಪಾತ. ಎಂಟನೆಯದೋ ಒಂಬತ್ತನೆಯದೋ ತಿರುವಿನಲ್ಲಿ ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಕಾರು ಬಿಕ್ಕಳಿಸಿದಂತೆ ನಡುಗಿತು. ಅದೇ ಕ್ಷಣ ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ಅರಿಶಿನ ಬಣ್ಣದ ದೀಪವೊಂದು ಮಿಣುಕತೊಡಗಿತು.

“ಅಜ್ಜಾ, ಪಂಪ್‌ಸೆಟ್ಟಿನ ಚಿತ್ರ ಮಿಣಮಿಣ ಅಂತಿದೆ” ಎಂದಳು ಮೊಮ್ಮಗಳು. ತೋಟಕ್ಕೆ ನೀರೆತ್ತುವ ಪಂಪಿನಂತೆಯೇ ಕಾಣುವ ಆ ಚಿತ್ರವೇ ಎಂಜಿನ್ನಿನ ಎಚ್ಚರಿಕೆಯ ದೀಪ.

ನಿಲ್ಲಿಸೋಣವೆಂದರೆ ಅಲ್ಲಿ ಜಾಗವೆಲ್ಲಿ? ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಉಸಿರು ಬಿಗಿಹಿಡಿದು ಮೆಲ್ಲಗೆ ಹತ್ತಿಸಿದೆ. ನನ್ನಾಕೆ ಮಾತನಾಡಲಿಲ್ಲ, ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡದ್ದನ್ನು ಮಾತ್ರ ಕನ್ನಡಿಯಲ್ಲಿ ಕಂಡೆ. ಆಗುಂಬೆ ತಲುಪಿ ಸಮತಟ್ಟಾದ ರಸ್ತೆ ಸಿಕ್ಕಿದ ಮೇಲೆ ನಡುಕ ನಿಂತಿತು. ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿಯಿತು. ಮರುದಿನವೂ ಉರಿಯಿತು. ನಾಲ್ಕೈದು ದಿನಗಳಲ್ಲಿ ತಾನಾಗಿಯೇ ಆರಿಹೋಯಿತು. ಬಂದ ಹಾಗೆಯೇ ಹೋಯಿತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡೆ. ವಾರ ಕಳೆಯುವುದರೊಳಗೆ ಕೊಪ್ಪದ ದಾರಿಯ ಒಂದು ಏರಿನಲ್ಲಿ ಅದು ಮತ್ತೆ ಬಂತು.

ಸರಿ, ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದೆ. ಅಲ್ಲಿನ ತರುಣ ಸ್ಟಿಯರಿಂಗಿನ ಕೆಳಗೆ ಒಂದು ಯಂತ್ರ ಸಿಕ್ಕಿಸಿ, ಜಾಬ್ ಕಾರ್ಡಿನಲ್ಲಿ ಎರಡು ಸಂಖ್ಯೆಗಳನ್ನು ಗೀಚಿಕೊಂಡು, “ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು” ಎಂದ. ನಾಲ್ಕೂವರೆ ಸಾವಿರ ರೂಪಾಯಿ ಕೊಟ್ಟು ಬಂದೆ. ದೀಪ ಆರಿತ್ತು. ಒಂಬತ್ತು ದಿನ ಸುಖವಾಗಿದ್ದೆವು. ಹತ್ತನೆಯ ದಿನ ದೀಪ ಮತ್ತೆ ಹಾಜರು.

ಎರಡನೆಯ ಸಲ ಹೋದಾಗ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಎಂಜಿನ್ ಓಡಿಸಿ ನೋಡಿದರು, ಪೇಟೆಯಲ್ಲಿ ಒಂದು ಸುತ್ತು ಹೊಡೆದರು. ಎಲ್ಲವೂ ಸರಿಯಾಗಿಯೇ ಇತ್ತು. “ಗಾಡಿ ಚೆನ್ನಾಗಿದೆ ಸಾರ್. ನೀವೇ ಸುಮ್ನೆ ಟೆನ್ಶನ್ ಮಾಡ್ಕೊಳ್ತೀರಿ” ಎಂದು ಯಂತ್ರ ಸಿಕ್ಕಿಸಿ, ದೀಪ ಆರಿಸಿ, ನಗುತ್ತ ಕಳುಹಿಸಿದರು. ವಯಸ್ಸಾದವರಿಗೆ ಇಲ್ಲದ ದೀಪ ಕಾಣುತ್ತದೆಂದು ಅವರು ಭಾವಿಸಿರಲೂಬಹುದು.

ಇನ್ನು ಸಲಹೆ ಕೊಡುವವರಿಗೇನು ಬರವೇ? ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, “ಅಪ್ಪಾ, ಹತ್ತು ವರ್ಷ ಆಯ್ತು, ಮಾರ್ಬಿಡಿ” ಎಂದ. ಪಕ್ಕದ ಮನೆಯವರು ಇನ್ನೂ ಸುಲಭದ ಉಪಾಯ ಹೇಳಿದರು: “ಮೇಷ್ಟ್ರೇ, ಅಮ್ಮಾವ್ರದ್ದು ಒಂದು ದೊಡ್ಡ ಸ್ಟಿಕ್ಕರ್ ಬಿಂದಿ ತಗೊಂಡು ಆ ದೀಪದ ಮೇಲೆ ಅಂಟಿಸಿಬಿಡಿ. ನಮ್ಮ ಜೀಪಿನಲ್ಲಿ ಹಾಗೇ ಮಾಡಿದ್ದು.” ಹಳೆಯ ಕಾರು ಮಾರುವ ಕೆಲವರು ಆ ದೀಪವನ್ನೇ ಕೆಲಸ ಮಾಡದಂತೆ ಮಾಡಿಬಿಡುತ್ತಾರೆಂದು ಆಮೇಲೆ ತಿಳಿಯಿತು. (ಹಳೆಯ ಕಾರು ಕೊಳ್ಳುವವರು ಒಂದು ಮಾತು ನೆನಪಿಡಿ. ಎಂಜಿನ್ ಚಾಲೂ ಮಾಡುವ ಮೊದಲು ಕೀಲಿಯನ್ನು ಅರ್ಧ ತಿರುಗಿಸಿದಾಗ ಆ ದೀಪ ಹೊತ್ತಿಕೊಳ್ಳಬೇಕು. ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಹೊತ್ತಿಕೊಳ್ಳಲೇ ಇಲ್ಲವೆಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆಂದು ಅರ್ಥ.)

ಬಿಂದಿ ಅಂಟಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಮೂವತ್ತು ವರ್ಷ ಹಿಂದಿನ ಕಾರಣವೊಂದಿದೆ.

೧೯೯೩ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬುದ್ಧಿವಂತನೇ. ಆದರೆ ಪಾಠ ಕೇಳುತ್ತಿದ್ದವನು ಇದ್ದಕ್ಕಿದ್ದಂತೆ ಎಲ್ಲಿಯೋ ನೋಡುತ್ತ ಕುಳಿತುಬಿಡುತ್ತಿದ್ದ. ಹತ್ತು ಹದಿನೈದು ಸೆಕೆಂಡು, ಅಷ್ಟೇ. ಹೆಸರು ಹಿಡಿದು ಕೂಗಿದರೂ ಉತ್ತರವಿಲ್ಲ. ನಾನು ವೇದಿಕೆಯಿಂದಿಳಿದು ಅವನ ಬೆಂಚಿನವರೆಗೆ ಹೋಗುವಷ್ಟರಲ್ಲಿ ಸರಿಯಾಗಿ ಕುಳಿತು ಬರೆಯುತ್ತಿರುತ್ತಿದ್ದ. “ಏನೋ ನೋಡ್ತಿದ್ದೆ?” ಎಂದರೆ, “ಏನಿಲ್ಲ ಸಾರ್” ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿದ್ದಾನೆಂದು ನನಗೆ ಸಿಟ್ಟು. ಎಷ್ಟೋ ದಿನ ಬಾಗಿಲ ಬಳಿ ನಿಲ್ಲಿಸಿದೆ. ನಾನು ಹೇಳಿ ಬರೆಸುತ್ತಿದ್ದ ಟಿಪ್ಪಣಿಗಳಲ್ಲಿ ಅವನದು ಸಾಲಿನ ನಡುವೆ ನಾಲ್ಕೈದು ಪದಗಳೇ ಬಿಟ್ಟುಹೋಗಿರುತ್ತಿದ್ದವು. ಹಿಂದಿನ ಪದ ಸರಿ, ಮುಂದಿನ ಪದ ಸರಿ, ನಡುವೆ ಮಾತ್ರ ಏನೂ ಇಲ್ಲ. ಅಂಥ ಕಡೆಗಳಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದೆ.

ಆ ವರ್ಷ ದಸರಾ ರಜೆಯಲ್ಲಿ ಅವನು ಸೈಕಲ್ ಸಮೇತ ರಸ್ತೆ ಬಿಟ್ಟು ಇಳಿಜಾರಿನ ತೋಡಿಗೆ ಬಿದ್ದು ಕೈ ಮುರಿದುಕೊಂಡ. ಹೇಗೆ ಬಿದ್ದೆನೆಂದು ಅವನಿಗೇ ನೆನಪಿರಲಿಲ್ಲ. ಆ ಮಾತನ್ನು ಹಿಡಿದು ವಿಚಾರಿಸಿದವರು ಮಣಿಪಾಲದ ಒಬ್ಬ ವೈದ್ಯರು. ಹುಡುಗನನ್ನು ಕುಳ್ಳಿರಿಸಿ ಎರಡು ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳಿದರಂತೆ. ತಾಯಿಯ ಕಣ್ಣೆದುರೇ ಹುಡುಗ ಎಲ್ಲಿಯೋ ನೋಡುತ್ತ ಕುಳಿತುಬಿಟ್ಟ. ಅದು ಅಪಸ್ಮಾರದ ಒಂದು ಬಗೆ. ಕೈಕಾಲು ಸೆಳೆತವಿಲ್ಲ, ನೊರೆಯಿಲ್ಲ. ಪ್ರಜ್ಞೆ ಮಾತ್ರ ಕೆಲವು ಸೆಕೆಂಡು ಕಡಿದುಹೋಗಿ ಮತ್ತೆ ಕೂಡಿಕೊಳ್ಳುತ್ತದೆ. ಮಾತ್ರೆಗಳಿಂದ ಹತೋಟಿಗೆ ಬಂತು. ರಜೆ ಮುಗಿದ ಮೇಲೆ ಆ ತಾಯಿ ಶಾಲೆಗೆ ಬಂದು ಮಗನ ಟಿಪ್ಪಣಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟರು. ಬೈಯಲಿಲ್ಲ. “ಸಾರ್, ನೀವು ಗುರುತು ಮಾಡಿದ್ದೀರಿ, ಎಲ್ಲೆಲ್ಲಿ ಬಂದಿತ್ತು ಅಂತ. ಡಾಕ್ಟರಿಗೆ ಇದನ್ನೇ ತೋರಿಸಿದೆವು” ಎಂದರು. ತಿಂಗಳುಗಟ್ಟಲೆ ದಿನಾಂಕ ಸಮೇತ ರೋಗಲಕ್ಷಣವನ್ನು ದಾಖಲಿಸಿದವನು ನಾನೇ, ಅದನ್ನು ಓದಲಾರದೆ ಹೋದವನೂ ನಾನೇ. ಬಿ.ಇಡಿ. ಪದವಿಯಲ್ಲಿ ಮಕ್ಕಳ ಮನಶ್ಶಾಸ್ತ್ರದಲ್ಲಿ ನನಗೆ ಪ್ರಥಮ ದರ್ಜೆಯ ಅಂಕಗಳಿದ್ದವು.

ಹೀಗಾಗಿ ‘ನೋಡಿದಾಗ ಸರಿಯಾಗಿಯೇ ಇತ್ತು’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇಂದಿಗೂ ಮನಸ್ಸು ಕಲಕುತ್ತದೆ. ದೀಪಕ್ಕೆ ಬಿಂದಿ ಅಂಟಿಸುವ ಬದಲು ಅದು ಏನು ಹೇಳುತ್ತಿದೆ ಎಂಬುದನ್ನಾದರೂ ತಿಳಿಯೋಣವೆಂದು ಓದತೊಡಗಿದೆ.

ಓದಿದಂತೆಲ್ಲ ಆಶ್ಚರ್ಯವಾಯಿತು. ಈ ದೀಪ ಹುಟ್ಟಿದ್ದೇ ಹೊಗೆಯನ್ನು ಕಾಯಲು. ವಾಹನಗಳ ಹೊಗೆಯಿಂದ ಕಂಗೆಟ್ಟಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ೧೯೮೮ರ ಮಾದರಿಯ ಕಾರುಗಳಿಂದ ಇಂಥ ಸ್ವಪರೀಕ್ಷೆಯ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ೧೯೯೬ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಆಕಾರದ ೧೬ ಪಿನ್ನುಗಳ ಕೊಂಡಿ ಮತ್ತು ಒಂದೇ ಬಗೆಯ ಸಂಕೇತ ಸಂಖ್ಯೆಗಳು ಬಂದವು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಾಲ್ಕರ ನಿಯಮಗಳೊಂದಿಗೆ ೨೦೧೦ರ ಏಪ್ರಿಲ್‌ನಿಂದ ಇದರ ಮೊದಲ ಹಂತವೂ ೨೦೧೩ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಜಾರಿಯಾದವು. ಓಬಿಡಿ ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ.

ಕಾರಿನೊಳಗಿನ ಕಂಪ್ಯೂಟರು ಎಂಜಿನ್ನಿನ ಒಂದೊಂದು ಭಾಗವನ್ನೂ ಕಾಯಲು ಒಂದೊಂದು ಪರೀಕ್ಷೆ ನಡೆಸುತ್ತಿರುತ್ತದೆ. ಆ ಪರೀಕ್ಷೆಗಳಿಗೆ ಇಟ್ಟಿರುವ ಹೆಸರೇನು ಗೊತ್ತೆ? ಮಾನಿಟರ್! ನಮ್ಮ ತರಗತಿಯ ಮಾನಿಟರನ ನಡವಳಿಕೆಯೂ ಥೇಟು ಹೀಗೆಯೇ. ಒಮ್ಮೆ ಮಾತನಾಡಿದರೆ ಅವನು ಹೆಸರನ್ನು ತನ್ನ ಚೀಟಿಯಲ್ಲಿ ಬರೆದುಕೊಂಡು ಸುಮ್ಮನಿರುತ್ತಾನೆ. ಮತ್ತೆ ಮಾತನಾಡಿದರೆ ಹಲಗೆಯ ಮೇಲೆ ಬರೆಯುತ್ತಾನೆ. ಕಾರಿನಲ್ಲಿಯೂ ಹೆಚ್ಚಿನ ದೋಷಗಳು ಸತತ ಎರಡು ಓಟಗಳಲ್ಲಿ ಕಂಡರೆ ಮಾತ್ರ ದೀಪ ಹೊತ್ತುತ್ತದೆ. ಆಮೇಲೆ ಸಾಮಾನ್ಯವಾಗಿ ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ತಾನಾಗಿಯೇ ಆರುತ್ತದೆ. ಹಾಗೆಂದು ಮಾನಿಟರನ ಚೀಟಿ ಹರಿದುಹೋಗುವುದಿಲ್ಲ. ಎಂಜಿನ್ ತಣ್ಣಗಾಗಿ ಮತ್ತೆ ಬಿಸಿಯಾಗುವ ೪೦ ಆವರ್ತನಗಳವರೆಗೆ ಆ ಸಂಖ್ಯೆ ನೆನಪಿನಲ್ಲಿರುತ್ತದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಅದರ ಮೇಲೆ ಎಷ್ಟು ಭಾರವಿತ್ತು, ಎಷ್ಟು ಬಿಸಿಯಾಗಿತ್ತು ಎಂಬುದನ್ನೂ ಫೋಟೋ ತೆಗೆದಂತೆ ದಾಖಲಿಸಿಡುತ್ತದೆ.

ಇದನ್ನು ಓದಿದಾಗ ನನಗೆ ಎರಡು ವಿಷಯ ಹೊಳೆದವು. ದೀಪ ಆರಿದೆ ಎಂದರೆ ದೋಷ ಹೋಗಿದೆ ಎಂದಲ್ಲ. ಮೂರು ದಿನ ಹುಡುಗ ಮಾತನಾಡಲಿಲ್ಲ, ಅಷ್ಟೇ. ಎರಡನೆಯದಾಗಿ, ವರ್ಕ್‌ಶಾಪಿನಲ್ಲಿ ಯಂತ್ರ ಸಿಕ್ಕಿಸಿ ‘ಆರಿಸಿ’ಕೊಟ್ಟಾಗಲೆಲ್ಲ ಅವರು ಆ ದಾಖಲೆಗಳನ್ನೂ ಅಳಿಸಿಬಿಟ್ಟಿದ್ದರು. ಕೈಯಲ್ಲಿದ್ದ ಸಾಕ್ಷ್ಯವನ್ನು ನಾವೇ ಹಣ ಕೊಟ್ಟು ಒರೆಸಿಹಾಕಿಸಿದ್ದೆವು.

ಇನ್ನೂ ಒಂದು ಮಾತು ಎದೆ ನಡುಗಿಸಿತು. ದೀಪ ಸ್ಥಿರವಾಗಿ ಉರಿದರೆ ಬಿಡುವು ಮಾಡಿಕೊಂಡು ಬೇಗ ತೋರಿಸಬೇಕು. ಮಿಣುಕಿದರೆ ಮಾತ್ರ ತಡಮಾಡುವಂತಿಲ್ಲ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೆಯೇ ಹೊರಬೀಳುತ್ತಿದೆ ಎಂದು ಅದರ ಅರ್ಥ. ಹಾಗೆ ಹೊರಬಿದ್ದ ಪೆಟ್ರೋಲ್ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕೆಂಪಗೆ ಕಾದು ಕರಗಲೂಬಹುದು. ಇಂಥ ಸ್ಥಿತಿಯಲ್ಲಿ ವೇಗ ತಗ್ಗಿಸಿ, ಎಂಜಿನ್ನಿನ ಮೇಲಿನ ಭಾರ ಇಳಿಸಿ, ಸುರಕ್ಷಿತವಾದ ಜಾಗ ಸಿಕ್ಕೊಡನೆ ನಿಲ್ಲಿಸಬೇಕು. ಮೊಮ್ಮಗಳು ಕಂಡ ‘ಮಿಣಮಿಣ’ ಇದೇ ಆಗಿತ್ತು! ನಾನು ವರ್ಕ್‌ಶಾಪಿನಲ್ಲಿ ದೀಪ ‘ಬರುತ್ತದೆ’ ಎಂದು ಹೇಳಿದ್ದೆನೇ ಹೊರತು ‘ಮಿಣುಕುತ್ತದೆ’ ಎಂದು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಮರುದಿನ ನೂರು ಪುಟದ ಒಂದು ನೋಟ್‌ಬುಕ್ ಕೊಂಡು ಗೆರೆ ಎಳೆದೆ. ದಿನಾಂಕ, ಹವೆ, ರಸ್ತೆ, ಎಂಜಿನ್ ಬಿಸಿಯೋ ತಣ್ಣಗೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ನಡುಕವಿತ್ತೇ, ದೀಪ ಬಂದದ್ದು ಸ್ಥಿರವೋ ಮಿಣುಕೋ, ಎಲ್ಲಕ್ಕೂ ಒಂದೊಂದು ಅಂಕಣ. ಹದಿನೇಳು ದಿನ ಬರೆದೆ. ಕಾರು ನಡುಗಿದ್ದು ಐದು ದಿನ. ಆ ಐದರಲ್ಲಿ ಮೂರು ದಿನ ಒಂದೇ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದೆ. ಕಳ್ಳ ಸಿಕ್ಕಿದನೆಂದು ಹಿಗ್ಗಿ, ಕಲಬೆರಕೆಯ ಬಗ್ಗೆ ನನ್ನಾಕೆಯ ಮುಂದೆ ಸಣ್ಣದೊಂದು ಉಪನ್ಯಾಸವನ್ನೇ ಮಾಡಿದೆ.

ಆಕೆ ನೋಟ್‌ಬುಕ್ಕನ್ನು ಕನ್ನಡಕ ಏರಿಸಿ ನೋಡಿದಳು. “ಪೆಟ್ರೋಲಿಂದು ನಂಗೊತ್ತಿಲ್ಲ ಕಣ್ರೀ. ಈ ಐದೂ ದಿನ ಬಟ್ಟೆ ಒಣಗದೆ ಬಚ್ಚಲೊಲೆ ಮೇಲಿನ ಗಳಕ್ಕೆ ಹಾಕಿದ್ದೆ. ಹಿಂದಿನ ಸಲ ಬಂದಾಗ್ಲೂ ಹಾಗೇ. ಆವಾಗ್ಲೇ ಹೇಳಿದ್ದೆ, ನೀವು ಕೇಳ್ಲಿಲ್ಲ.”

ಹೇಳಿದ್ದು ನಿಜ. ಬಟ್ಟೆಗೂ ಎಂಜಿನ್ನಿಗೂ ಏನು ಸಂಬಂಧವೆಂದು ನಕ್ಕಿದ್ದೆ. ವಿಜ್ಞಾನದ ಮೇಷ್ಟರಿಗೆ ಗಾಳಿಯ ತೇವಾಂಶವೆಂದರೆ ಪಠ್ಯಪುಸ್ತಕದ ಹೈಗ್ರೋಮೀಟರಿನ ಚಿತ್ರ. ಮನೆವಾರ್ತೆಯವರಿಗೆ ಅದು ಒಣಗದ ಬಟ್ಟೆ ಮತ್ತು ಮೆತ್ತಗಾದ ಹಪ್ಪಳ. ಯಾವುದು ಹೆಚ್ಚು ನಿಖರವಾದ ಉಪಕರಣವೆಂದು ಈಗ ಹೇಳಲು ನನಗೆ ಸಂಕೋಚವಿಲ್ಲ.

ಆದರೂ ಒಂದು ತೊಡಕಿತ್ತು. ಬಟ್ಟೆ ಒಣಗದ ಎಷ್ಟೋ ದಿನ ಕಾರು ನಡುಗಿರಲಿಲ್ಲ. ಕಾಗದದ ಮೇಲೆ ನಾಲ್ಕು ಮನೆಗಳ ಚೌಕ ಬರೆದು ಹದಿನೇಳು ದಿನಗಳನ್ನು ಹಂಚಿದೆ: ತೇವ ಮತ್ತು ಏರು, ತೇವ ಮತ್ತು ಸಮತಟ್ಟು, ಒಣ ಮತ್ತು ಏರು, ಒಣ ಮತ್ತು ಸಮತಟ್ಟು. ಐದು ದಿನಗಳೂ ಮೊದಲನೆಯ ಮನೆಯಲ್ಲಿಯೇ ಬಂದು ಕುಳಿತವು. ತೇವವೂ ಬೇಕು, ಏರೂ ಬೇಕು. ಎರಡೂ ಕೂಡಿದಾಗ ಮಾತ್ರ ಅದು ಬರುತ್ತದೆ. ಮಗಳ ಮನೆಗೆ ಘಾಟಿ ಇಳಿದು ಹೋಗುವಾಗ ಸುಮ್ಮನಿದ್ದು ಬರುವಾಗ ಮಾತ್ರ ಬಿಕ್ಕಳಿಸಿದ್ದು ಏಕೆಂಬುದೂ ಆಗ ತಿಳಿಯಿತು. (ಮಗಳನ್ನು ಬಿಟ್ಟು ಬರುವ ದುಃಖ ಕಾರಿಗೂ ಇರಬೇಕು ಎಂದು ಅಲ್ಲಿಯವರೆಗೆ ನಾವು ತಮಾಷೆ ಮಾಡುತ್ತಿದ್ದೆವು.)

ಆ ನೋಟ್‌ಬುಕ್ಕನ್ನೂ ಹಳೆಯ ಜಾಬ್ ಕಾರ್ಡನ್ನೂ ಹಿಡಿದು ನಮ್ಮೂರಿನಲ್ಲಿಯೇ ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಮೊದಲು ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತು ನೋಟ್‌ಬುಕ್ಕನ್ನು ಕೊನೆಯವರೆಗೆ ಓದಿದರು. ಆಮೇಲೆ ಜಾಬ್ ಕಾರ್ಡ್ ನೋಡಿ, “ಮೇಷ್ಟ್ರೇ, ಉತ್ತರ ಇಲ್ಲೇ ಬರ್ದಿದಾರಲ್ಲ ಮಾರಾಯ್ರೇ” ಎಂದರು.

ಅಲ್ಲಿದ್ದ ಸಂಖ್ಯೆಗಳು ಪಿ ೦೧೭೧ ಮತ್ತು ಪಿ ೦೩೦೨. ‘ಪಿ’ ಎಂದರೆ ಎಂಜಿನ್ ಮತ್ತು ಗೇರಿನ ಭಾಗ. ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ. ಮೂರು ಎಂದರೆ ಕಿಡಿ ಹೊತ್ತಿಸುವ ವ್ಯವಸ್ಥೆಗೆ ಸಂಬಂಧಿಸಿದ್ದು. ಕೊನೆಯ ೦೨ ಎಂದರೆ ಎರಡನೆಯ ಸಿಲಿಂಡರು. ಆ ಸಿಲಿಂಡರಿನಲ್ಲಿ ಆಗಾಗ ಪೆಟ್ರೋಲ್ ಉರಿಯುತ್ತಿಲ್ಲ ಎಂದು ಕಾರು ಸ್ಪಷ್ಟವಾಗಿಯೇ ಹೇಳಿತ್ತು. ಒಂದು ಸಿಲಿಂಡರು ತನ್ನ ಪಾಳಿ ತಪ್ಪಿಸಿದರೆ ಎಂಜಿನ್ನಿನ ತಿರುಗುವ ದಂಡ ಕಣ್ಣಿಗೆ ಕಾಣದಷ್ಟು ನಿಧಾನವಾಗುತ್ತದೆ. ಅದನ್ನು ಅಳೆದೇ ಕಂಪ್ಯೂಟರು ಇಂಥವನೇ ತಪ್ಪಿಸಿದನೆಂದು ಹೇಳುತ್ತದೆ.

ಹಾಗಾದರೆ ಇನ್ನೊಂದು ಸಂಖ್ಯೆ? ೦೧೭೧ ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು. ಉರಿಯದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕವೂ ಹೊಗೆಕೊಳವೆಗೆ ಬರುತ್ತದಲ್ಲವೆ? ಅಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಕಂಡದ್ದನ್ನು ಕಂಡಂತೆ ವರದಿ ಮಾಡಿತ್ತು. ಸುಳಿವು ಕೊಟ್ಟವನನ್ನೇ ಅಪರಾಧಿಯೆಂದು ತಿಳಿದು, ನಾಲ್ಕೂವರೆ ಸಾವಿರ ಕೊಟ್ಟು ಅವನನ್ನು ಹೊರಗೆ ಹಾಕಿದ್ದೆವು.

“ಈಗ ಬಿಸಿಲಿದೆಯಲ್ಲ, ಹೇಗೆ ನೋಡುವುದು?” ಎಂದು ಕೇಳಿದೆ. “ಮಳೆ ಬರ್ಲಿಲ್ಲ ಅಂದ್ರೆ ನಾವೇ ತರೋಣ” ಎಂದು ಅವರು ಗಿಡಗಳಿಗೆ ನೀರು ಹೊಡೆಯುವ ಸ್ಪ್ರೇ ಬಾಟಲಿ ತಂದು ಎಂಜಿನ್ನಿನ ನೆತ್ತಿಯ ಮೇಲೆ ಹಿತವಾಗಿ ಸಿಂಪಡಿಸಿದರು. ಎಸಿ ಹಾಕಿ, ಇಬ್ಬರು ಹುಡುಗರನ್ನೂ ಹಿಂದೆ ಕೂರಿಸಿಕೊಂಡು, ಊರ ಹೊರಗಿನ ಕಡಿದಾದ ಏರಿಗೆ ಕಾರು ಹೊಡೆದರು. ಅರ್ಧ ಏರುವಷ್ಟರಲ್ಲಿ ಅದೇ ಬಿಕ್ಕಳಿಕೆ, ಅದೇ ಮಿಣುಕು! ಎರಡು ತಿಂಗಳಿಂದ ಯಾರೂ ನಂಬದಿದ್ದುದನ್ನು ಇನ್ನೊಬ್ಬರ ಕಣ್ಣು ಕಂಡಿತು. ನನಗೆ ಮಣಿಪಾಲದ ಆ ವೈದ್ಯರ ನೆನಪಾಯಿತು. ಬಂದು ಹೋಗುವುದನ್ನು ಬಾ ಎಂದು ಕರೆಯುವ ವಿದ್ಯೆ ಇಬ್ಬರದೂ ಒಂದೇ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ನಮ್ಮ ಕಾರಿನಲ್ಲಿ ನಾಲ್ಕು ಸಿಲಿಂಡರಿಗೂ ಕಿಡಿ ಕೊಡಲು ಒಂದೊಂದು ಕಾಯಿಲ್ ಇದೆ. ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಅದಲುಬದಲು ಮಾಡಿ, ಮತ್ತೆ ನೀರು ಸಿಂಪಡಿಸಿ, ಅದೇ ಏರಿಗೆ ಹೋದೆವು. ಈ ಸಲ ಯಂತ್ರದಲ್ಲಿ ಬಂದ ಸಂಖ್ಯೆ ಪಿ ೦೩೦೩. ಕಾಯಿಲ್ ಹೋದಲ್ಲಿಗೆ ದೋಷವೂ ಹೋಯಿತು. ಎಂದ ಮೇಲೆ ದೋಷ ಕಾಯಿಲಿನದೇ, ಸಿಲಿಂಡರಿನದಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಪರಿಣಾಮ ನೋಡಬೇಕೆಂದು ಮೂವತ್ತೈದು ವರ್ಷ ಪಾಠ ಹೇಳಿದ್ದೆ. ಅದನ್ನು ಅಷ್ಟು ಚೊಕ್ಕವಾಗಿ ಮಾಡಿ ತೋರಿಸಿದವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು.

ಆ ಕಾಯಿಲನ್ನು ಎಳೆದು ನೋಡಿದರೆ ಅದರ ರಬ್ಬರು ತೊಟ್ಟಿನಲ್ಲಿ ಕೂದಲೆಳೆಯಂಥ ಬಿರುಕು, ಬಿರುಕಿನುದ್ದಕ್ಕೂ ಕಿಡಿ ಹರಿದ ಕಪ್ಪು ಗೆರೆ. ಒಣಗಿದ್ದಾಗ ಬಿರುಕಿದ್ದರೂ ಕಿಡಿ ಪ್ಲಗ್ಗಿಗೇ ಹೋಗುತ್ತದೆ. ಒದ್ದೆಯಾದರೆ ಪಕ್ಕದ ದಾರಿ ಸುಲಭವಾಗುತ್ತದೆ. ಅದರ ಮೇಲೆ ಏರು ಬಂದು ಎಂಜಿನ್ನಿನ ಮೇಲೆ ಭಾರ ಬಿದ್ದರೆ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಆಗ ವಿದ್ಯುತ್ತು ಕಷ್ಟದ ದಾರಿ ಬಿಟ್ಟು ಬಿರುಕಿನ ಮೂಲಕ ಹೊರಗೆ ಹರಿದುಬಿಡುತ್ತದೆ. ನನ್ನ ಚೌಕದ ಮೊದಲನೆಯ ಮನೆಯ ಅರ್ಥ ಅದು.

ಹೊಸ ಕಾಯಿಲ್ ಹಾಕಿದರು. ಇನ್ನೇನು ಮುಗಿಯಿತೆಂದು ನಾನು ಎದ್ದೆ. ಅವರು ಏಳಲಿಲ್ಲ. “ಅಲ್ಲಿಗೆ ನೀರು ಹೇಗೆ ಹೋಗ್ತದೆ ಅಂತ ನೋಡ್ಬೇಕಲ್ಲ ಮೇಷ್ಟ್ರೇ. ಇಲ್ಲಾಂದ್ರೆ ಮುಂದಿನ ವರ್ಷ ಇದೂ ಹೋಗ್ತದೆ” ಎಂದು ವೈಪರುಗಳ ಕೆಳಗಿನ ಜಾಲರಿಯನ್ನು ತೆಗೆದರು. ಗಾಜಿನ ಮೇಲಿಂದ ಇಳಿದ ಮಳೆನೀರು ಅಲ್ಲಿಯ ಕಾಲುವೆಯಲ್ಲಿ ಹರಿದು ಎರಡೂ ಬದಿಯ ತೂತುಗಳಿಂದ ಹೊರಗೆ ಹೋಗಬೇಕು. ತೂತುಗಳೆರಡೂ ಸಣ್ಣ ಸಣ್ಣ ಎಲೆಗಳ ಮೆತ್ತೆಯಿಂದ ಮುಚ್ಚಿಹೋಗಿದ್ದವು. ತುಂಬಿದ ನೀರು ಅಂಚು ಮೀರಿ ನೇರವಾಗಿ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಎಲೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ನೆಲ್ಲಿಯ ಎಲೆ! ನಮ್ಮ ಅಂಗಳದ ನೆಲ್ಲಿಮರದ ನೆರಳು ಕಾರಿಗೆ ಒಳ್ಳೆಯದೆಂದು ಹತ್ತು ವರ್ಷ ಅದರ ಕೆಳಗೇ ನಿಲ್ಲಿಸಿದವನು ನಾನು.

ಕಾಯಿಲಿಗೂ ಕೆಲಸಕ್ಕೂ ಸೇರಿ ಅವರು ತೆಗೆದುಕೊಂಡದ್ದು ಎರಡು ಸಾವಿರಕ್ಕಿಂತ ಕಡಿಮೆ. ಮರ ಕಡಿಸುವ ಮಾತೆತ್ತಿದಾಗ ನನ್ನಾಕೆ, “ತುಳಸಿ ಪೂಜೆಗೆ ನೆಲ್ಲಿ ಕೊಂಬೆ ಎಲ್ಲಿಂದ ತರ್ತೀರಿ? ಕಾರನ್ನೇ ಆಚೆ ನಿಲ್ಲಿಸಿ” ಎಂದಳು. ಈಗ ಕಾರು ಕೊಟ್ಟಿಗೆಯ ಪಕ್ಕ ನಿಲ್ಲುತ್ತದೆ. ತಿಂಗಳಿಗೊಮ್ಮೆ ಆ ಜಾಲರಿಯನ್ನು ಶುಚಿ ಮಾಡುವುದು ನನ್ನ ಪಾಲಿನ ಕೆಲಸ.

ಸೆಪ್ಟೆಂಬರ್ ತಿಂಗಳಲ್ಲಿ ಮತ್ತೆ ಉಡುಪಿಗೆ ಹೋಗಿ ಬಂದೆವು. ಬರುವಾಗ ಘಾಟಿಯಲ್ಲಿ ಮಳೆ ಹಿಡಿಯಿತು. ಎಂಟನೆಯ ತಿರುವು, ಒಂಬತ್ತನೆಯ ತಿರುವು, ಹತ್ತು. ಎಂಜಿನ್ ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಮೇಲೆ ತಲುಪಿದ ಮೇಲೆಯೇ ನಾವಿಬ್ಬರೂ ಮಾತನಾಡಿದ್ದು.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಮುಂದೆ ಓದಲು ಹೋದ. ಶಾಲೆ ಬಿಡುವ ದಿನ ಎಲ್ಲರಂತೆ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ನನ್ನ ತಪ್ಪಾಯಿತೆಂದು ಅಂದು ಅವನಿಗೆ ಹೇಳಬೇಕಾಗಿತ್ತು. ಮೇಷ್ಟರ ಗತ್ತು ಬಿಡಲಿಲ್ಲ. ಆಮೇಲೆ ಅವನು ಸಿಗಲಿಲ್ಲ. ಎಲ್ಲಿಯಾದರೂ ಇದನ್ನು ಓದಿದರೆ ಗುರುತು ಹಿಡಿಯುತ್ತಾನೆ. ಅಪ್ಪಾ, ಬಾಗಿಲ ಬಳಿ ನಿಲ್ಲಿಸಿದ್ದಕ್ಕೆ ಕ್ಷಮಿಸು.

ನೋಟ್‌ಬುಕ್ ಇನ್ನೂ ಕಾರಿನಲ್ಲಿಯೇ ಇದೆ. ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಮೊನ್ನೆ ತೆರೆದು ನೋಡಿದರೆ ಕೊನೆಯ ಪುಟದಲ್ಲಿ ನನ್ನಾಕೆಯ ಅಕ್ಷರದಲ್ಲಿ ಒಂದು ಸಾಲು ಇತ್ತು: “ಬಟ್ಟೆ ಒಣಗಿಲ್ಲ. ದೀಪ ಬಂದಿಲ್ಲ.”